ಕ್ಯಾಮೆರಾದ ಪಾಲು

ಎವರಿಸ್ಟೊ ಕಬ್ಬಿಣದ ಸಲಾಕೆ ಹಿಡಿದು ಎರಡು ಸಾಲು ಕಂಟೇನರ್‌ಗಳ ನಡುವೆ ನಡೆದು ಬಂದ. ಎದುರಿಗೆ ವೆಲಿಂಗ್ಟನ್ ಅವನ ಕಡೆ ಮುಖ ಮಾಡಿ ನಿಂತಿದ್ದ. ಅಷ್ಟರಲ್ಲಿ ಚಿತ್ರ ನಿಂತುಹೋಯಿತು.

ಮತ್ತೆ ಚಿತ್ರ ಅಲುಗಾಡಿದಾಗ ವೆಲಿಂಗ್ಟನ್ ಅಂಗಾತ ಬಿದ್ದಿದ್ದ. ಬಲಗಡೆಯ ಕಪಾಲ ಒಡೆದು ರಕ್ತ ಕಾಂಕ್ರೀಟಿನ ಬಿರುಕಿನುದ್ದಕ್ಕೂ ಹರಿದಿತ್ತು. ಎವರಿಸ್ಟೊ ಅವನ ಪಕ್ಕದಲ್ಲಿ ಮಂಡಿಯೂರಿದ್ದ. ಸಲಾಕೆ ಅವನ ಕೈಯಲ್ಲೇ ಇತ್ತು.

"ಇನ್ನೊಂದ್ಸಲ ಹಾಕು," ಎಂದಳು ಮರ್ಲೇನಿ ಪಿನ್ಕಾಯ್.

"ಸಾಕಕ್ಕಾ!" ದಯನಾರ ಮೌಸನ್ನು ಮೇಜಿನ ಮೇಲೆ ಕುಕ್ಕಿದಳು. ಬಂದರು ಟರ್ಮಿನಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗಿ ಅವಳು, ಸತ್ತ ವೆಲಿಂಗ್ಟನ್ ಜೊತೆ ಒಂದೇ ಏಣಿ ಹತ್ತಿ ಇಳಿದು ಕೆಲಸ ಮಾಡಿದವಳು. "ಪೊಲೀಸರು ನೋಡಿದ್ರು, ಜಡ್ಜ್ ನೋಡಿದ್ರು, ಗ್ವಯಾಕಿಲ್ ಊರಿಗೆ ಊರೇ ಫೋನಲ್ಲಿ ನೋಡಿ ಆಯ್ತು. ಸತ್ತೋನಿಗೆ ಅಷ್ಟೂ ಮರ್ಯಾದೆ ಬೇಡ್ವಾ?"

"ಬದುಕಿರೋನು ಒಬ್ಬ ಇದಾನಲ್ಲ. ಅವನಿಗೋಸ್ಕರ ಹಾಕು."

ಬದುಕಿರುವವನು ಕಾವಲುಗಾರ ಎವರಿಸ್ಟೊ ಚಲೆನ್. ಅವನ ಮಗಳಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿದಾಗ ಕೂಸನ್ನು ಕೈಯಲ್ಲಿ ಹಿಡಿದು ನಿಂತವಳು ಮರ್ಲೇನಿ. ಆವತ್ತಿನಿಂದ ಅವನು ಅವಳಿಗೆ ಕೊಂಪಾದ್ರೆ. ನಮ್ಮ ಈ ಕರಾವಳಿಯಲ್ಲಿ ಒಡಹುಟ್ಟಿದವರ ಜೊತೆ ಮಾತು ಬಿಟ್ಟರೂ ನಡೆಯುತ್ತದೆ, ಕೊಂಪಾದ್ರೆಯ ಕೈ ಬಿಟ್ಟರೆ ಹೆಂಗಸರು ಬಾವಿಕಟ್ಟೆಯಲ್ಲೂ ಜಾಗ ಕೊಡುವುದಿಲ್ಲ.

"ಮಗಳೇ, ಮೊದಲು ಒಂದು ತುತ್ತು ತಿನ್ನು," ಎಂದ ಕ್ಯಾಪ್ಟನ್ ಗಲೊ ಪಂಚಾನ. ಎಸ್ತೆರೊ ಪರ್ದೊ ಟರ್ಮಿನಲ್ಲಿನ ಭದ್ರತೆಯೆಲ್ಲ ಅವನದು. ನೌಕಾಪಡೆಯಿಂದ ನಿವೃತ್ತನಾದ ಮುದುಕ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು. ಬಲಗೈಯಲ್ಲಿ ವಾಕಿಟಾಕಿ ಹಿಡಿದೇ ಈರುಳ್ಳಿ ಹಾಕಿದ ಮೀನುಸಾರನ್ನು ಸೊರಸೊರ ಎಂದು ಕುಡಿಯುತ್ತಿದ್ದ. "ಆರಿ ಹೋಗುತ್ತೆ. ಹೊಟ್ಟೆ ಖಾಲಿ ಇದ್ರೆ ತಲೆ ಓಡಲ್ಲ."

ಅಪ್ಪ ಸತ್ತಾಗ ಊರಿನ ಗಂಡಸರಲ್ಲಿ ಒಬ್ಬನಾದರೂ ಮರ್ಲೇನಿಯ ತಲೆ ನೇವರಿಸಿದ್ದರೆ ಅದು ಈ ಪಂಚಾನ. ಪತ್ತೇದಾರಿಕೆಯ ಬೋರ್ಡು ತಗುಲಿಸಿದ ದಿನ ಮೊದಲ ಕೆಲಸ ಕೊಟ್ಟವನೂ ಅವನೇ. ಮೊನ್ನೆ ಫೋನ್ ಮಾಡಿ, 'ನಿನ್ನ ಕೊಂಪಾದ್ರೆ ಕೈಗೆ ಬೇಡಿ ಬಿತ್ತು, ಬಂದು ನೀನೇ ನೋಡು' ಎಂದವನೂ ಅವನೇ.

"ಎಷ್ಟೊತ್ತಿಗೆ ಕರ್ಕೊಂಡು ಬರ್ತಾರೆ?" ಎಂದು ಕೇಳಿದಳು.

"ಊಟ ಆದ ಮೇಲೆ. ಕೊಲೆ ಆದ ಜಾಗದಲ್ಲೇ ನಿಲ್ಸಿ, ಹೆಂಗೆ ಹೊಡೆದೆ ಮಾಡಿ ತೋರ್ಸು ಅಂತಾರೆ. ಅದು ಮುಗಿದ ತಕ್ಷಣ ದೊಡ್ಡ ಜೈಲಿಗೆ."

ದೊಡ್ಡ ಜೈಲು ಅಂದ ಕೂಡಲೇ ಮರ್ಲೇನಿ ಮುಂದಿದ್ದ ಬಟ್ಟಲನ್ನು ಆಚೆ ಸರಿಸಿದಳು. ಎವರಿಸ್ಟೊ ಒಳಗೆ ಕಾಲಿಟ್ಟರೆ ಬೆಳಗು ನೋಡುವುದಿಲ್ಲ. ಬಾಳೆಹಣ್ಣಿನ ಪೆಟ್ಟಿಗೆಗಳ ನಡುವೆ ಕೊಕೇನ್ ಬಿಳಿಪುಡಿ ತುಂಬಿಸಲು ಕಂಟೇನರಿನ ಸೀಲು ಒಡೆದು ಕೊಡು ಅಂತ ಬಂದ ಪುಂಡರ ಮುಖಕ್ಕೆ ಉಗಿದು ಕಳಿಸಿದವನು ಅವನು. ಅವರ ಅಣ್ಣತಮ್ಮಂದಿರು ಜೈಲಿನಲ್ಲಿ ಆಗಲೇ ಚಾಕು ಮಸೆದು ಕೂತಿದ್ದಾರೆ ಅಂತ ಅವನ ಹೆಂಡತಿಗೆ ಹೇಳಿಯೂ ಕಳಿಸಿದ್ದರು.

"ಅವನು ಕೊಂದಿಲ್ಲ ಕ್ಯಾಪ್ಟನ್. ಮೂರನೆಯವನು ಒಬ್ಬ ಇದ್ದ. ಮುಖಕ್ಕೆ ಬಟ್ಟೆ ಕಟ್ಟಿದ್ದ, ಸಲಾಕೆ ಕಿತ್ಕೊಂಡು ಎದುರಿಗೇ ನಿಂತು ಹೊಡೆದು ಅಲ್ಲೇ ಬಿಸಾಕಿ ಓಡಿಹೋದ. ಎವರಿಸ್ಟೊ ಅದನ್ನ ಎತ್ಕೊಂಡಿದ್ದು ಆಮೇಲೆ."

"ಮೂರನೆಯವನು ಚಿತ್ರದಲ್ಲಿ ಎಲ್ಲಮ್ಮ?"

"ಚಿತ್ರ ನಿಂತ ಹೊತ್ತಲ್ಲಿ ಬಂದು ಹೋದ. ಇವತ್ತು ಜಾಗಕ್ಕೆ ಕರ್ಕೊಂಡು ಬಂದ್ರೆ ಅವನು ಹೆಂಗೆ ನಿಂತಿದ್ದ, ಯಾವ ಕೈ ಎತ್ತಿದ, ಎಲ್ಲಾ ಮಾಡಿ ತೋರಿಸ್ತಾನಂತೆ. ನಿನ್ನೆ ಲಾಕಪ್ಪಿನಲ್ಲಿ ನನಗೆ ಹೇಳಿದ."

ಕ್ಯಾಪ್ಟನ್ ಚಮಚ ಕೆಳಗಿಟ್ಟ. "ಯಾವ ಕೈ ಅಂತಾನಾ?"

"ಜಾಗದಲ್ಲೇ ತೋರಿಸ್ತೀನಿ ಅಂದ."

"ಒಳ್ಳೇದೇ ಆಯ್ತು ಬಿಡು." ಮುದುಕ ಎದ್ದು ಟೋಪಿ ಹಾಕಿಕೊಂಡ. "ನಾನೇ ಮುಂದೆ ನಿಂತು ಇಳಿಸ್ಕೋತೀನಿ. ಪೊಲೀಸರು ಅವನ ಮೈಮೇಲೆ ಕೈ ಹಾಕದ ಹಾಗೆ ನೋಡ್ಕೋತೀನಿ, ನಿನ್ನಾಣೆ." ಬೀಗದ ಕೈ ಗೊಂಚಲು ಝಲ್ಲೆನ್ನಿಸುತ್ತ ಅವನು ಹೊರಗೆ ಹೋದ.

ಬಾಗಿಲು ಮುಚ್ಚಿದ್ದೇ ತಡ, ದಯನಾರ ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು.

"ಅಕ್ಕಾ, ಆ ಕ್ಯಾಮೆರಾ ಕೆಟ್ಟಿಲ್ಲ. ಇಂಜಿನಿಯರ್ ಬಹಾನ್ಯ ಕೆಟ್ಟಿದೆ ಅಂತ ಬರೆದು ಕೊಟ್ಟಿದಾನಲ್ಲ, ಶುದ್ಧ ಸುಳ್ಳು. ನಾನೇ ಕೆಳಗಿಳಿಸಿ ನೋಡಿದೆ, ಕನ್ನಡಿ ಹಾಗಿದೆ."

"ಮತ್ತೆ ಯಾಕೆ ನಿಲ್ಲುತ್ತೆ?"

"ಅದನ್ನೇ ತೋರಿಸ್ತೀನಿ ಬಾ." ಅವಳು ಇನ್ನೊಂದು ಪರದೆ ತೆರೆದಳು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ. "ಶೀತಲ ಕಂಟೇನರ್ ಅಂಗಳದ ಸ್ವಿಚ್ ಪೆಟ್ಟಿಗೆ ಇದು. ಆ ಅಂಗಳದ ಕ್ಯಾಮೆರಾಗಳು, ಕಂಟೇನರ್ ಒಳಗಿನ ಚಿತ್ರ ತೆಗೆಯೋ ಪಕ್ಕದ ಸ್ಕ್ಯಾನರ್, ಎಲ್ಲದರ ತಂತಿನೂ ಇದಕ್ಕೇ ಬಂದು ಸೇರುತ್ತೆ. ಇಲ್ಲಿಂದ ರೆಕಾರ್ಡ್ ಕೋಣೆಗೆ ಹೋಗೋದು ಒಂದೇ ದಾರಿ. ಗೊತ್ತಾಯ್ತಾ?"

"ಹೂಂ."

"ಕ್ರೇನ್ ಗೇಟ್ ಎದುರು ಮೀನುಸಾರಿನ ಅಂಗಡಿ ಇದೆಯಲ್ಲ. ಒಳಗೆ ಮೇಜು ತುಂಬಿದ್ರೆ ಜನ ಏನ್ಮಾಡ್ತಾರೆ? ಹೊರಗಡೆ ಬೆಂಚಲ್ಲಿ ಕೂತು ಕಾಯ್ತಾರೆ. ಸ್ವಿಚ್ ಒಳಗೂ ಹಂಗೇ ಒಂದು ಬೆಂಚಿದೆ. ಬಫರ್ ಅಂತೀವಿ. ದಾರಿ ತುಂಬಿದಾಗ ಚಿತ್ರದ ತುಣುಕುಗಳು, ಅಂದ್ರೆ ಪ್ಯಾಕೆಟ್‌ಗಳು ಅಲ್ಲಿ ಕೂತು ಕಾಯ್ತವೆ. ಬೆಂಚು ಇರೋದು ಒಂದೇ, ಯಾವ ಸಾಲಿಗೆ ಎಷ್ಟು ಜಾಗ ಅಂತ ನಾವು ಪಾಲು ಹಾಕಿ ಕೊಡಬೇಕು."

"ಪಾಲು ಕೊಡದೇ ಇದ್ರೆ?"

"ಕೂರೋಕೆ ಜಾಗ ಇಲ್ಲ, ಹೊರಗೆ ಹೋಗು ಅಂತ ಅಟ್ಟಿಬಿಡುತ್ತೆ. ಆ ಪ್ಯಾಕೆಟ್ ಅಲ್ಲಿಗೆ ಸತ್ತ ಹಾಗೇ." ದಯನಾರ ಪರದೆಯ ಮೇಲೆ ಬೆರಳಿಟ್ಟಳು. "ನೋಡು. ನಾನೂ ವೆಲಿಂಗ್ಟನ್ನೂ ಕೂತು ಕ್ಯಾಮೆರಾಗೆ ದೊಡ್ಡ ಪಾಲು ಇಟ್ಟಿದ್ವಿ. ಈಗ ಏನಿದೆ? ಬೆರಳೆಣಿಕೆಯಷ್ಟು. ಎಲ್ಲರಿಗೂ ಸೇರಿದ ಜಾಗಕ್ಕೂ ಕಾಲಿಡಬಾರದು ಅಂತ ಬೇಲಿ ಹಾಕಿದಾರೆ. ಮಿಕ್ಕಿದ್ದೆಲ್ಲ ಸ್ಕ್ಯಾನರ್ ಹೊಟ್ಟೆಗೆ."

ಮರ್ಲೇನಿಗೆ ಈಗ ಹೊಳೆಯಿತು. ಸ್ಕ್ಯಾನರ್ ಸುಮ್ಮನಿರುವಾಗ ಕ್ಯಾಮೆರಾ ಚೆನ್ನಾಗಿಯೇ ನಡೆಯುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಕಂಟೇನರಿನ ಒಳಭಾಗದ ಆ ಭಾರಿ ಚಿತ್ರಗಳನ್ನು ಸ್ಕ್ಯಾನರ್ ಕಳಿಸಲು ಶುರುಮಾಡಿದ ಕ್ಷಣ ದಾರಿ ತುಂಬುತ್ತದೆ, ಕ್ಯಾಮೆರಾ ಕುರುಡಾಗುತ್ತದೆ.

"ಅಂದ್ರೆ, ಬೇಕಾದಾಗ ಸ್ಕ್ಯಾನರ್ ಗುಂಡಿ ಒತ್ತಿದ್ರೆ..."

"ಬೇಕಾದಾಗ ಕಣ್ಣಿಗೆ ಮಣ್ಣು. ಸೀಲು ಒಡಿಬಹುದು, ತುಂಬಿಸಬಹುದು. ತಲೆನೂ ಒಡಿಬಹುದು. ವೆಲಿಂಗ್ಟನ್ ಇದನ್ನ ಕಂಡ್ಕೊಂಡಿದ್ದ ಅಕ್ಕಾ. ಬುಧವಾರ ಸಂಜೆ, 'ಯಾವನೋ ಬೆಂಚು ಎತ್ಕೊಂಡು ಹೋಗೋಕೆ ನೋಡ್ತಿದಾನೆ ಕಣೇ, ನಾಳೆ ಹಿಡಿತೀನಿ' ಅಂದಿದ್ದ. ನಾನು ನಕ್ಕುಬಿಟ್ಟೆ. ಯಾರು, ಏನು ಅಂತ ಒಂದು ಮಾತು ಕೇಳಲಿಲ್ಲ."

ಅವಳು ಬಾಯಿಗೆ ಅಂಗೈ ಒತ್ತಿಕೊಂಡು ಅತ್ತಳು. ಮರ್ಲೇನಿ ಅವಳ ಹೆಗಲು ಹಿಡಿದು ಅಲುಗಿಸಿದಳು.

"ಆಮೇಲೆ ಅಳೋಣ, ನಾನೂ ಕೂತು ಅಳ್ತೀನಿ. ಈಗ ಹೇಳು. ಇದರ ಪಾಸ್‌ವರ್ಡ್ ಯಾರ ಹತ್ರ ಇದೆ?"

"ವೆಲಿಂಗ್ಟನ್ ಹತ್ರ ಇತ್ತು. ಬಹಾನ್ಯ ಹತ್ರ ಇದೆ. ನನಗೆ ಬರೀ ನೋಡೋಕೆ ಬಿಡುತ್ತೆ, ಬದಲಾಯಿಸೋಕೆ ಬಿಡಲ್ಲ."

"ಬಹಾನ್ಯ ಏನಂತಾನೆ?"

"ಕೊಲೆ ಆದ ಗುರುವಾರ ಕರೆಂಟ್ ಹೋದಾಗ ಸ್ವಿಚ್ ಆರಿ ಹತ್ತಿತು, ಆಗ ಹಾಳಾಗಿರಬೇಕು ಅಂತಾನೆ. ಪಾಲು ಬದಲಾಯಿಸಿದ್ರೆ ಅದು ಸ್ವಿಚ್ ರೀಸ್ಟಾರ್ಟ್ ಆದ ಮೇಲೇ ಜಾರಿಗೆ ಬರೋದು. ಕೊಲೆಗೆ ಸ್ವಲ್ಪ ಮೊದಲು ರೀಸ್ಟಾರ್ಟ್ ಆಗಿರೋದೂ ನಿಜ. ಕರೆಂಟ್ ಹೋಗಿದ್ದೂ ನಿಜ."

ಅದೂ ಸರಿಯೇ. ನದಿಗಳು ಬತ್ತಿ, ದಿನಕ್ಕೊಂದು ಬಡಾವಣೆಗೆ ಸರದಿಯ ಮೇಲೆ ಕರೆಂಟ್ ತೆಗೆಯುತ್ತಿದ್ದ ಕಾಲ. ಮದುವೆ ಮುರಿದರೂ ಕರೆಂಟ್ ಹೋಯ್ತು, ಅನ್ನ ಸೀದರೂ ಕರೆಂಟ್ ಹೋಯ್ತು ಅಂತ ಊರೆಲ್ಲ ಹೇಳುತ್ತಿತ್ತು. ಯಾರು ಏನು ಮಾಡಿದರೂ ತಪ್ಪು ಹೊರಿಸಲು ಆ ಒಂದು ಕತ್ತಲು ಇತ್ತು.

ದಯನಾರ ಮೂಗು ಒರೆಸಿಕೊಂಡಳು. ಅಳುವಿನ ನಡುವೆಯೇ ಅವಳ ಮುಖದಲ್ಲಿ ಏನೋ ಒಂದು ಬೆಳಕು ಬಂತು.

"ಅಕ್ಕಾ... ಆ ಪೆಟ್ಟಿಗೆಗೆ ಕರೆಂಟ್ ಹೋಗಲ್ಲ!"

"ಏನಂದೆ?"

"ಪ್ರತಿ ಕಡಿತಕ್ಕೂ ಸ್ವಿಚ್ ಆರಿ ಹತ್ತಿ, ಬಿಸಿಲಲ್ಲಿ ಓಡಿ ಓಡಿ ಸಾಕಾಗಿತ್ತು ನಮಗೆ. ಬಹಾನ್ಯಗೆ ಹೇಳಿ ಹೇಳಿ ಬಾಯಿ ನೋವು ಬಂತು, ಬ್ಯಾಟರಿ ಕೊಡಿಸಲಿಲ್ಲ. ಅದಕ್ಕೇ ವೆಲಿಂಗ್ಟನ್ ಕದ್ದು ಕೊಕ್ಕೆ ಹಾಕಿದ್ದ. ಅವರ ಕೇರಿಯಲ್ಲಿ ಕಂಬದಿಂದ ಮನೆಗೆ ಎಳ್ಕೋತಾರಲ್ಲ, ಹಂಗೆ. ಬಾಳೆಹಣ್ಣಿನ ಲೈನಿಗೆ!"

ಮರ್ಲೇನಿ ಎದ್ದು ನಿಂತಳು. ಬಾಳೆಹಣ್ಣಿನ ಶೀತಲ ಕಂಟೇನರ್‌ಗಳ ಲೈನು! ಊರಿಗೆ ಊರೇ ಕತ್ತಲಾದರೂ, ಆಸ್ಪತ್ರೆಯಲ್ಲಿ ಮೇಣದಬತ್ತಿ ಹಚ್ಚಿದರೂ, ಆ ಲೈನು ಆರುವುದಿಲ್ಲ. ಕಡಿತದ ಹೊತ್ತು ಮೊದಲೇ ಗೊತ್ತಿರುತ್ತದೆ. ಅದಕ್ಕೂ ಮುಂಚೆಯೇ ಜನರೇಟರ್ ಹಚ್ಚಿ ಇಟ್ಟಿರುತ್ತಾರೆ. ಯುರೋಪಿಗೆ ಹೋಗುವ ಹಣ್ಣು ಬೆವರಬಾರದು, ಜನ ಬೆವರಿದರೆ ಯಾರಿಗೇನು.

"ಇದು ಬಹಾನ್ಯಗೆ ಗೊತ್ತಾ?"

"ಗೊತ್ತಾಗಿದ್ರೆ ವೆಲಿಂಗ್ಟನ್ ಕೆಲಸ ಹೋಗ್ತಿತ್ತು. ನಮ್ಮಿಬ್ರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ."

"ಹಾಗಾದ್ರೆ ಗುರುವಾರ ಅದು ತಾನಾಗೇ ಆರಿಲ್ಲ. ಅವನೇ ಕೈಯಾರೆ ರೀಸ್ಟಾರ್ಟ್ ಮಾಡಿ ತಪ್ಪನ್ನ ಕರೆಂಟ್ ಮೇಲೆ ಹಾಕಿದಾನೆ. ಹಳೇ ಪಾಲನ್ನ ವಾಪಸ್ ಇಡಬೇಕು ಅಂದ್ರೂ..."

"ಮತ್ತೆ ರೀಸ್ಟಾರ್ಟ್ ಮಾಡಲೇಬೇಕು. ಅದಕ್ಕೆ ಮತ್ತೊಂದು ಕಡಿತ ಬರಲಿ ಅಂತ ಕಾಯ್ತಿರ್ತಾನೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಈ ಬಡಾವಣೆಯ ಸರದಿ ಇವತ್ತೇ. ಸ್ವಿಚ್ಚಿನೊಳಗಿನ ಆ ಪಾಲು ಅಳಿಸಿಹೋದರೆ ಎವರಿಸ್ಟೊನ ಪರವಾಗಿ ಹೇಳಲು ಭೂಮಿಯ ಮೇಲೆ ಇನ್ನೇನೂ ಉಳಿಯುವುದಿಲ್ಲ.

ಮೇಲಿನ ಫ್ಯಾನು ನಿಧಾನವಾಯಿತು. ದೀಪ ಹೋಯಿತು.

"ಓಡು!" ಎಂದಳು ಮರ್ಲೇನಿ.

ಹೊರಗೆ ಬಿಸಿಲು ಹೊಡೆತ ಕೊಟ್ಟಂತೆ ಮುಖಕ್ಕೆ ಬಡಿಯಿತು. ಕ್ರೇನುಗಳು ಕೈ ಎತ್ತಿದಲ್ಲೇ ನಿಂತಿದ್ದವು. ಲಾರಿ ಚಾಲಕರು ಚಕ್ರದ ನೆರಳಲ್ಲಿ ಟವೆಲ್ ಹಾಸಿಕೊಂಡು ಮಲಗುತ್ತಿದ್ದರು. ಇಡೀ ಟರ್ಮಿನಲ್ಲಿನಲ್ಲಿ ಸದ್ದು ಮಾಡುತ್ತಿದ್ದದ್ದು ಒಂದೇ, ಶೀತಲ ಅಂಗಳದ ಗುಂಯ್ಯೆನ್ನುವ ಸದ್ದು.

ಓಡುತ್ತಲೇ ಮರ್ಲೇನಿ ಕ್ಯಾಪ್ಟನ್ ಬೆಳಿಗ್ಗೆ ಕೊಟ್ಟಿದ್ದ ವಾಕಿಟಾಕಿ ಬಾಯಿಗೆ ಹಿಡಿದಳು. "ಕ್ಯಾಪ್ಟನ್! ಬಹಾನ್ಯ ಸಿಕ್ಕಿಬಿದ್ದ. ಸ್ವಿಚ್ ಒಳಗೆ ಕೈಯಾಡಿಸಿ ಕ್ಯಾಮೆರಾ ಕುರುಡು ಮಾಡಿದ್ದು ಅವನೇ. ಪೆಟ್ಟಿಗೆ ಇರೋದು ಬಾಳೆಹಣ್ಣಿನ ಲೈನಲ್ಲಿ, ಅದು ಆರಲ್ಲ, ಅದೇ ಸಾಕ್ಷಿ. ಇಬ್ಬರು ಹುಡುಗರನ್ನ ಕಳಿಸಿ!"

"ಭೇಷ್ ಮಗಳೇ!" ಎಂದಿತು ವಾಕಿಟಾಕಿ. "ನೀನು ಹೋಗಿ ಹಿಡ್ಕೋ. ಕಳಿಸಿದೆ ಅಂತ ತಿಳ್ಕೋ."

ಸ್ವಿಚ್ಚಿನ ಉಕ್ಕಿನ ಕಪಾಟು ಮೊದಲ ಸಾಲಿನ ತುದಿಯಲ್ಲಿತ್ತು. ಅದರ ಬಾಗಿಲು ತೆರೆದಿತ್ತು. ಒಂದು ಮರದ ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನೀಲಿ ತಂತಿಯೊಂದನ್ನು ಸ್ವಿಚ್ಚಿಗೆ ಸಿಕ್ಕಿಸಿ, ಬೆವರು ಸುರಿಸುತ್ತ ಇಂಜಿನಿಯರ್ ಬಹಾನ್ಯ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಲ್ಲಿ ಎರಡು ಪೆನ್ನು.

"ಏನ್ ಇಂಜಿನಿಯರ್ ಸಾಹೇಬ್ರೇ, ಊಟಕ್ಕೆ ಹೋಗಿಲ್ವಾ?"

ಅವನು ಬೆಚ್ಚಿ ತಿರುಗಿದ. "ಯಾರು ನೀವು? ಇಲ್ಲಿ ಹೊರಗಿನವರು ಬರೋ ಹಾಗಿಲ್ಲ. ಕರೆಂಟ್ ಹೋಗಿ ಸ್ವಿಚ್ ಆರಿದೆ, ಸರಿ ಮಾಡ್ತಿದೀನಿ."

"ಆರಿದೆಯಾ?" ಮರ್ಲೇನಿ ಕಪಾಟಿನೊಳಗೆ ಬೆರಳು ತೋರಿಸಿದಳು. ಹಸಿರು ದೀಪಗಳು ಪಟಪಟನೆ ಮಿನುಗುತ್ತಿದ್ದವು. "ಇದು ಆರಿರೋದಾ?"

ಬಹಾನ್ಯ ದೀಪಗಳನ್ನು ನೋಡಿದ. ಕಪಾಟಿನ ಹಿಂದಿನಿಂದ ಹೊರಟು ಕಂಟೇನರ್ ಸಾಲಿನ ಕಡೆ ಹೋಗಿದ್ದ ಕಪ್ಪು ತಂತಿಯನ್ನು ಆಗ ತಾನೇ ಕಂಡವನಂತೆ ನೋಡಿದ. ಅವನ ಮುಖ ಬಿಳಿಚಿತು.

"ಅಯ್ಯೋ, ಆ ಕಳ್ಳ ನನ್ಮಗ..." ಎಂದ.

"ಸತ್ತೋನ್ನ ಬೈಬೇಡ ಕಣೋ!" ಎಂದು ದಯನಾರ ಚೀರಿದಳು.

ಬಹಾನ್ಯ ಲ್ಯಾಪ್‌ಟಾಪಿನ ಕಡೆ ಕೈ ಚಾಚಿದ. ಇನ್ನೊಂದು ಗುಂಡಿ ಒತ್ತಿದರೆ ಎಲ್ಲ ಮುಗಿಯುತ್ತಿತ್ತು. ಮರ್ಲೇನಿ ಆ ಮಣಿಕಟ್ಟಿನ ಮೇಲೆ ಬೂಟುಗಾಲಲ್ಲಿ ಒದ್ದಳು. ಎಲುಬು ಲಟ್ಟೆಂದಿತು. ಅವನು ಕೂಗಿಕೊಂಡು ತಲೆ ತಗ್ಗಿಸಿ ನುಗ್ಗಿ ಅವಳ ಹೊಟ್ಟೆಗೆ ಗುದ್ದಿದ. ಇಬ್ಬರೂ ಕಂಟೇನರಿನ ತಗಡಿಗೆ ಅಪ್ಪಳಿಸಿದರು. ಅವಳ ಉಸಿರು ನಿಂತಂತಾಯಿತು.

ಏಳುವಷ್ಟರಲ್ಲಿ ಅವನ ಕೈಗೆ ತಂತಿ ಕತ್ತರಿಸುವ ಉದ್ದನೆಯ ಕಟ್ಟರ್ ಬಂದಿತ್ತು. ಮುರಿದ ಕೈಯಲ್ಲೇ, ಬಲಗೈಯಲ್ಲೇ, ಅದನ್ನು ಹಿಡಿದು ಬೀಸಿದ. ಅದರ ಮೂತಿ ಅವಳ ಎಡ ಕೆನ್ನೆ ಸೀಳಿಕೊಂಡು ಹೋಯಿತು. ರಕ್ತ ಕತ್ತಿನೊಳಗೆ ಬಿಸಿಬಿಸಿಯಾಗಿ ಇಳಿಯಿತು. ಮತ್ತೊಮ್ಮೆ ಬೀಸಿದ. ಮತ್ತೆ ಅದೇ ಕಡೆ.

ಆ ನೋವಿನಲ್ಲೂ ಮರ್ಲೇನಿಯ ತಲೆಯೊಳಗೆ ಒಂದು ಗಂಟು ಬಿಚ್ಚಿಕೊಂಡಿತು. ಎದುರಿಗೆ ನಿಂತು ಬಲಗೈಯಲ್ಲಿ ಹೊಡೆದರೆ ಏಟು ಬೀಳುವುದು ಎಡಕ್ಕೆ. ವೆಲಿಂಗ್ಟನ್ನನ ಕಪಾಲ ಒಡೆದದ್ದು ಬಲಕ್ಕೆ. ಎವರಿಸ್ಟೊನದೂ ಬಲಗೈ, ಇವನದೂ ಬಲಗೈ.

ಕೊಂದವನು ಇವನಲ್ಲ.

ಅಷ್ಟು ಯೋಚನೆ ಮಾಡುವಷ್ಟರಲ್ಲೇ ಅವನು ಅವಳ ಕುತ್ತಿಗೆಗೆ ಕೈ ಹಾಕಿ ತಗಡಿಗೆ ಒತ್ತಿದ್ದ. ಕಟ್ಟರಿನ ಮೂತಿ ಅವಳ ಕಣ್ಣಿನ ಹತ್ತಿರ ಬಂತು. ಆಗ ಅವನ ಹಿಂದಿನಿಂದ ಕೆಂಪಗಿನದೇನೋ ಎದ್ದು ಬಂತು. ದಯನಾರ ಬೆಂಕಿ ಆರಿಸುವ ಸಿಲಿಂಡರನ್ನು ಎರಡೂ ಕೈಯಲ್ಲಿ ಎತ್ತಿ ಅವನ ದವಡೆಗೆ ಹೊಡೆದಿದ್ದಳು. ಬಹಾನ್ಯ ಕುಸಿದ. ಹಲ್ಲುಗಳು ಕಾಂಕ್ರೀಟಿನ ಮೇಲೆ ಚೆಲ್ಲಿದವು.

"ಇನ್ನೊಂದು ಹಾಕ್ಲಾ ಅಕ್ಕಾ? ಹಾಕ್ಲಾ?" ಹುಡುಗಿ ಸಿಲಿಂಡರ್ ಮತ್ತೆ ಎತ್ತಿದಳು. ಅವಳ ಕಣ್ಣು ಕೆಟ್ಟದಾಗಿ ಉರಿಯುತ್ತಿತ್ತು.

"ಬೇಡ! ಇವನ ಬಾಯಿ ಇನ್ನೂ ಬೇಕು." ಮರ್ಲೇನಿ ಅವನ ಎದೆಯ ಮೇಲೆ ಮಂಡಿಯೂರಿ ಕೂತಳು. ಅವಳ ಕೆನ್ನೆಯ ರಕ್ತ ಅವನ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕಿತು. "ಬೊಗಳು. ಕೊಂದೋನು ಯಾರು?"

"ನಾನಲ್ಲ... ನಾನು ಬರೀ ಪಾಲು ಬದಲಾಯಿಸಿದೆ." ಅವನ ಮಾತು ರಕ್ತದಲ್ಲಿ ಗುಳಗುಳ ಎನ್ನುತ್ತಿತ್ತು. "ಕಂಟೇನರ್ ತೆಗೆಯೋಕೆ ಸ್ವಲ್ಪ ಹೊತ್ತು ಕ್ಯಾಮೆರಾ ಕಾಣಬಾರದು ಅಂದ್ರು. ಅಷ್ಟೇ ಅಂದ್ರು. ಕೊಲೆ ಮಾಡ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ನನ್ನಮ್ಮನ ಮನೆ ಬಾಗಿಲಿಗೆ ಗುಂಡು ಹೊಡೆದ್ರು ಕಣ್ರೀ! ಅವಳು ಒಳಗೆ ಜಪಮಾಲೆ ಹಿಡ್ಕೊಂಡು ಕೂತಿದ್ಲು."

"ಯಾರು ಹೇಳಿದ್ದು? ಹೆಸರು!"

"ಹೇಳಿದ್ರೆ ಅಮ್ಮ ಸಾಯ್ತಾಳೆ."

"ಹೇಳದೇ ಇದ್ರೆ ನೀನು ಸಾಯ್ತೀಯ." ಅವಳು ಅವನ ಮುರಿದ ಮಣಿಕಟ್ಟನ್ನು ಹಿಡಿದು ತಿರುಚಿದಳು. ಅವನು ಅರಚಿದ, ಅತ್ತ, ಆದರೆ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಅವನನ್ನು ಕಂಡು ಮರ್ಲೇನಿಗೆ ಅಸಹ್ಯವೂ ಆಯಿತು, ಅಯ್ಯೋ ಪಾಪ ಅಂತಲೂ ಅನ್ನಿಸಿತು. ಅಂಥ ಭಯ ಈ ಊರಿನಲ್ಲಿ ಎಲ್ಲರ ಮನೆಯಲ್ಲೂ ಇತ್ತು.

"ಅಕ್ಕಾ, ಇಲ್ಲಿ ನೋಡು." ದಯನಾರ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. "ಸದ್ಯ, ಏನೂ ಅಳಿಸಿಲ್ಲ. ಪಾಲು ಹಾಗೇ ಇದೆ. ಕ್ಯಾಮೆರಾನೂ ತೆರೆದು ಇಟ್ಕೊಂಡಿದಾನೆ. ಕ್ಯಾಮೆರಾಗೆ ಕರೆಂಟ್ ಸ್ವಿಚ್ಚಿಂದಲೇ, ರೆಕಾರ್ಡ್ ಕೋಣೆಗೆ ಬ್ಯಾಟರಿ ಇದೆ, ಅಲ್ಲಿಗೆ ಹೋಗಿ ವಾಪಸ್ ಬರ್ತಿರೋ ಚಿತ್ರ ಇದು."

ಪರದೆಯಲ್ಲಿ ಅದೇ ಕೊಲೆಯ ಜಾಗ, ಇದೇ ಅಂಗಳದ ಆ ಕೊನೆ. ಪೊಲೀಸ್ ವ್ಯಾನು ಬಂದು ನಿಂತಿತ್ತು. ಇಬ್ಬರು ಪೊಲೀಸರು ಎವರಿಸ್ಟೊನನ್ನು ಇಳಿಸುತ್ತಿದ್ದರು. ಕೈಗೆ ಬೇಡಿ, ಕಾಲಿಗೆ ಹವಾಯಿ ಚಪ್ಪಲಿ. ಅವನು ತಲೆಯೆತ್ತಿ ಸುತ್ತ ನೋಡಿದ. ತನ್ನನ್ನೇ ಹುಡುಕುತ್ತಿದ್ದಾನೆ ಅನ್ನಿಸಿತು ಮರ್ಲೇನಿಗೆ.

"ಇದಾನೆ, ಸದ್ಯ," ಎಂದಳು. "ಈ ಬಹಾನ್ಯನ್ನ ಎಳ್ಕೊಂಡು ಹೋಗಿ ಪೊಲೀಸರ ಮುಂದೆ..."

ಚಿತ್ರ ನಿಂತುಹೋಯಿತು.

ಎವರಿಸ್ಟೊ ಒಂದು ಕಾಲು ಮುಂದಿಟ್ಟವನು ಹಾಗೇ ಕಲ್ಲಾಗಿ ನಿಂತ. ಪೊಲೀಸನ ಬಾಯಿ ಅರ್ಧ ತೆರೆದೇ ಇತ್ತು.

"ಸ್ಕ್ಯಾನರ್!" ದಯನಾರ ಉಸಿರೆಳೆದುಕೊಂಡಳು. "ಅದೂ ಬಾಳೆಹಣ್ಣಿನ ಲೈನಲ್ಲೇ ಇದೆ. ಆದ್ರೆ ಕ್ರೇನ್ ನಿಂತಿದೆ, ಒಂದು ಕಂಟೇನರೂ ಓಡಾಡ್ತಿಲ್ಲ. ಹಳೇ ಚಿತ್ರಗಳನ್ನೇ ಮತ್ತೆ ಮತ್ತೆ ಕಳಿಸ್ತಾ ಇದಾರೆ. ಬೇಕು ಅಂತಲೇ."

ನೆಲದ ಮೇಲಿದ್ದ ಬಹಾನ್ಯ ಕಣ್ಣು ಮುಚ್ಚಿಕೊಂಡು ಶಿಲುಬೆಯ ಗುರುತು ಮಾಡಿಕೊಂಡ. "ಅಯ್ಯೋ ದೇವರೇ. ಹಾಡಹಗಲಲ್ಲೇ!"

ಮರ್ಲೇನಿ ಅವನ ಕೊರಳಪಟ್ಟಿ ಹಿಡಿದು ಮೇಲೆತ್ತಿದಳು. "ಚಿತ್ರ ಬರಬೇಕು. ಈಗ, ಈ ಕ್ಷಣ!"

"ಪಾಲು ಸರಿ ಮಾಡಿ ರೀಸ್ಟಾರ್ಟ್ ಮಾಡಬೇಕು. ಅದು ಎದ್ದೇಳೋ ಹೊತ್ತಿಗೆ ಎಲ್ಲಾ ಮುಗಿದಿರುತ್ತೆ."

"ಸ್ಕ್ಯಾನರ್ ತಂತಿ ಯಾವುದು?"

"ಹಳದಿ. ಬೇಡ ಕಣ್ರೀ, ಅದನ್ನ ಕಿತ್ರೆ ಸ್ಕ್ಯಾನರ್ ಕೋಣೆಯ ಗಂಟೆ ಹೊಡ್ಕೊಳ್ಳುತ್ತೆ, ಅಂಗಳಕ್ಕೆಲ್ಲ ಕೇಳಿಸುತ್ತೆ. ಅವನಿಗೆ ಗೊತ್ತಾಗುತ್ತೆ."

"ಗೊತ್ತಾಗಲಿ ಬಿಡು!"

ಹಳದಿ ತಂತಿಯನ್ನು ಕೈಗೆ ಸುತ್ತಿಕೊಂಡು ಜಗ್ಗಿ ಕಿತ್ತಳು. ದೂರದಲ್ಲಿ ಗಂಟೆ ಕರ್ಕಶವಾಗಿ ಹೊಡೆದುಕೊಂಡಿತು. ಚಿತ್ರ ಒಮ್ಮೆ ಕದಲಿತು, ಜಿಗಿಯಿತು, ಜೀವ ಬಂತು.

ಪೊಲೀಸರು ಕಾಣಲಿಲ್ಲ, ಊಟದ ನೆಪದಲ್ಲಿ ಯಾರೋ ಆಚೆ ಕಳಿಸಿರಬೇಕು. ವ್ಯಾನಿನ ಬಾಗಿಲು ತೆರೆದೇ ಇತ್ತು. ಎವರಿಸ್ಟೊ ಮಂಡಿಯ ಮೇಲೆ ಬಿದ್ದಿದ್ದ, ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು. ಅವನ ಎದುರಿಗೆ ಒಬ್ಬ ಸಲಾಕೆ ಎತ್ತಿ ನಿಂತಿದ್ದ. ಎಡಗೈಯಲ್ಲಿ. ಸೊಂಟದಲ್ಲಿ ಬೀಗದ ಕೈಗಳ ದೊಡ್ಡ ಗೊಂಚಲು.

ಮೀನುಸಾರು ಕುಡಿಯುವಾಗ ಆ ಎಡಗೈ ಮರ್ಲೇನಿಯ ಕಣ್ಣೆದುರಿಗೇ ಚಮಚ ಹಿಡಿದಿತ್ತು. ಎವರಿಸ್ಟೊ ಯಾವ ಕೈ ಅಂತ ತೋರಿಸುತ್ತಾನೆ ಎಂದು ಆ ಕೈಗೇ ಹೇಳಿ ಕಳಿಸಿದವಳು ತಾನೇ. ನಾಚಿಕೆ, ಸಿಟ್ಟು, ಅಪ್ಪ ಎರಡನೇ ಸಲ ಸತ್ತ ದುಃಖ, ಎಲ್ಲ ಒಟ್ಟಿಗೆ ನುಗ್ಗಿ ಬಂತು.

ಗಂಟೆಯ ಸದ್ದಿಗೆ ಕ್ಯಾಪ್ಟನ್ ಪಂಚಾನ ಸಲಾಕೆ ಎತ್ತಿದ ಹಾಗೇ ತಡೆದ. ತಲೆಯೆತ್ತಿ ನೇರವಾಗಿ ಕ್ಯಾಮೆರಾವನ್ನು ನೋಡಿದ. ಆಮೇಲೆ ಬಲಗೈಯಿಂದ ವಾಕಿಟಾಕಿ ತೆಗೆದು ಬಾಯಿಗೆ ಹಿಡಿದ.

"ಮಗಳೇ," ಎಂದಿತು ಅವಳ ಸೊಂಟದ ವಾಕಿಟಾಕಿ. "ಆ ಹಳದಿ ತಂತಿ ಮತ್ತೆ ಸಿಕ್ಕಿಸು."

"ಸಲಾಕೆ ಕೆಳಗಿಡಿ ಕ್ಯಾಪ್ಟನ್. ಎಲ್ಲಾ ರೆಕಾರ್ಡ್ ಆಗ್ತಿದೆ."

"ಸಿಕ್ಕಿಸಿದ್ರೆ ಇವನನ್ನ ಬಿಡ್ತೀನಿ, ನಿನ್ನಾಣೆ."

"ನನ್ನಾಣೆ ನಿಮ್ಮ ಬಾಯಲ್ಲಿ ಇನ್ನು ಬೇಡ." ತಂತಿಯನ್ನು ಮುಷ್ಟಿಯಲ್ಲಿ ಇನ್ನೂ ಬಿಗಿಯಾಗಿ ಹಿಡಿದಳು. ಕ್ಯಾಮೆರಾ ನೋಡುತ್ತಿರುವವರೆಗೆ ಅವನು ಹೊಡೆಯುವುದಿಲ್ಲ. ಎವರಿಸ್ಟೊನ ಜೀವ ಈಗ ಆ ಒಂದು ಚಿತ್ರದಲ್ಲಿತ್ತು. "ನಾನು ಕಣ್ಣು ಮಿಟುಕಿಸಲ್ಲ. ಈ ಕ್ಯಾಮೆರಾನೂ ಮಿಟುಕಿಸಲ್ಲ."

ಪರದೆಯಲ್ಲಿ ಮುದುಕ ಮೆಲ್ಲಗೆ ನಕ್ಕ.

"ಚುರುಕು ಹುಡುಗಿ ನೀನು. ಚಿಕ್ಕಂದಿನಿಂದಲೂ ಅಷ್ಟೇ. ಆದ್ರೆ ಬಾಯಿ ಸ್ವಲ್ಪ ಉದ್ದ. ಬಾಳೆಹಣ್ಣಿನ ಲೈನು ಅಂತ ನೀನೇ ಹೇಳಿದ್ದಲ್ವಾ? ಹುಡುಗರನ್ನ ಕಳಿಸಿ ಅಂದೆ. ಕಳಿಸಿದೀನಿ. ಜನರೇಟರ್ ಹತ್ರ."

ಗುಂಯ್ಯೆನ್ನುವ ಸದ್ದು ನಿಂತಿತು.

ಟರ್ಮಿನಲ್ಲು ಕಟ್ಟಿದ ದಿನದಿಂದ ಒಮ್ಮೆಯೂ ನಿಲ್ಲದ ಸದ್ದು ಅದು. ಗಂಟೆಯೂ ಅದರ ಜೊತೆಗೇ ಬಾಯಿ ಮುಚ್ಚಿತು. ಕಪಾಟಿನೊಳಗೆ ಹಸಿರು ದೀಪಗಳು ಒಂದಾದ ಮೇಲೊಂದು ಆರಿದವು. ಪರದೆಯ ಮೇಲಿನ ಚಿತ್ರ ಕಪ್ಪಾಯಿತು.

"ಎವರಿಸ್ಟೊ!" ಮರ್ಲೇನಿ ತಂತಿ ಬಿಸಾಡಿ ಓಡಿದಳು. ಎರಡೂ ಕಡೆ ಸತ್ತು ನಿಂತ ಕಂಟೇನರ್‌ಗಳು, ಕೊನೆಯೇ ಕಾಣದ ಸಾಲು.

ಆ ಮೌನದಲ್ಲಿ, ಅಂಗಳದ ಆ ತುದಿಯಿಂದ, ಕಬ್ಬಿಣದ ಏಟು ಬಿದ್ದ ಸದ್ದು ಒಂದೇ ಒಂದು ಸಲ ಕೇಳಿಸಿತು.